ಸದಿಶಗಳನ್ನು ಗುಣಿಸುವ ಕ್ಲಿಫರ್ಡನ ದಾರಿ

ಪಿಯುಸಿ ಮೊದಲ ವರ್ಷದ ಭೌತಶಾಸ್ತ್ರದಲ್ಲಿ ಸದಿಶಗಳ, ಅಂದರೆ ಉದ್ದವೂ ದಿಕ್ಕೂ ಇರುವ ಬಾಣಗಳ (ವೆಕ್ಟರ್), ಗುಣಾಕಾರ ಎರಡು ಬಗೆಯಾಗಿ ಬರುತ್ತದೆ. ಅದಿಶ ಗುಣಲಬ್ಧದಿಂದ ಬರಿಯ ಸಂಖ್ಯೆ ದೊರೆಯುತ್ತದೆ. ಸದಿಶ ಗುಣಲಬ್ಧದಿಂದ ಎರಡೂ ಸದಿಶಗಳಿಗೆ ಲಂಬವಾಗಿ ನಿಲ್ಲುವ ಮೂರನೆಯದೊಂದು ಬಾಣ ದೊರೆಯುತ್ತದೆ, ಅದರ ದಿಕ್ಕನ್ನು ಬಲಗೈ ಹೆಬ್ಬೆರಳಿನಿಂದ ಗುರುತಿಸಬೇಕು. ವಿರಾಜಪೇಟೆಯ ಸುತ್ತಮುತ್ತಲಿನ ಮಕ್ಕಳಿಗೆ ವರ್ಷಗಳಿಂದ ಈ ಪಾಠ ಹೇಳಿಕೊಡುತ್ತ ಬಂದಿರುವ ನನಗೆ, ಈ ಎರಡನೆಯ ಗುಣಾಕಾರ ಅವರ ತಲೆಗೆ ಹತ್ತದಿರುವುದಕ್ಕೆ ಕಾರಣ ಆ ಬಾಣದಲ್ಲೇ ಇದೆ ಎಂಬುದು ದೃಢವಾಗಿದೆ.

ನಮ್ಮ ಕಾಫಿ ತೋಟಗಳಲ್ಲಿ ಇಂದಿಗೂ ಅಲ್ಲಲ್ಲಿ ಓಡುವ ಹಳೆಯ ವಿಲ್ಲಿಸ್ ಜೀಪಿನ ಚಕ್ರ ಬಿಚ್ಚಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಅದರ ಬಲಬದಿಯ ಚಕ್ರದ ನಟ್ಟುಗಳಿಗೆ ಸಾಮಾನ್ಯ ಥ್ರೆಡ್, ಎಡಬದಿಯವಕ್ಕೆ ಉಲ್ಟಾ ಥ್ರೆಡ್. ಬಲಬದಿಯಲ್ಲಿ ಸ್ಪ್ಯಾನರನ್ನು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗಿಸಿದರೆ ನಟ್ಟು ನಮ್ಮ ಕಡೆಗೆ ಬರುತ್ತದೆ, ಟಾರ್ಕಿನ, ಅಂದರೆ ಹಿಡಿ ಮತ್ತು ಬಲಗಳ ಸದಿಶ ಗುಣಲಬ್ಧವಾದ ತಿರುಗಿಸುವ ಪರಿಣಾಮದ, ಬಾಣವೂ ನಮ್ಮ ಕಡೆಗೇ ಇರುತ್ತದೆ. ಎಡಬದಿಗೆ ಹೋದರೆ ನಟ್ಟು ಬಿಚ್ಚಲು ಮುಳ್ಳಿನ ದಿಕ್ಕಿನಲ್ಲೇ ತಿರುಗಿಸಬೇಕು. ನಟ್ಟು ಹೊರಗೆ ಬರುತ್ತಿದ್ದರೂ ಪಠ್ಯಪುಸ್ತಕದ ಬಾಣ ಚಕ್ರದ ಒಳಕ್ಕೆ ನೆಟ್ಟಿರುತ್ತದೆ. "ಹಾಗಾದ್ರೆ ಬಾಣ ಯಾವುದನ್ನ ತೋರಿಸ್ತಿದೆ ಸಾರ್?" ಎಂದು ತೋಟದ ಮನೆಯ ಹುಡುಗನೊಬ್ಬ ಕೇಳಿದ. ಬಲು ಸರಿಯಾದ ಪ್ರಶ್ನೆ. ಆ ದಿಕ್ಕಿನಲ್ಲಿ ಸ್ಪ್ಯಾನರಿನ ಯಾವ ಭಾಗವೂ ಚಲಿಸುತ್ತಿಲ್ಲ. ನಿಜವಾಗಿ ಕಣ್ಣಿಗೆ ಕಾಣುವುದು ಸ್ಪ್ಯಾನರಿನ ಹಿಡಿಯೂ ನಮ್ಮ ಕೈ ಹಾಕುವ ಬಲವೂ ಸೇರಿ ಆಗುವ ಸಮತಲ, ಆ ಸಮತಲದೊಳಗೆ ತಿರುಗುವ ಒಂದು ದಿಕ್ಕು, ಮತ್ತು ಇಷ್ಟು ಎಂದು ಅಳೆಯಬಹುದಾದ ಒಂದು ಕ್ಷೇತ್ರಫಲ. ಈ ಮೂರನ್ನೂ ಒಟ್ಟಿಗೆ ಹಿಡಿದಿಡುವ ವಸ್ತುವಿಗೆ ದ್ವಿಸದಿಶ ಎನ್ನಬಹುದು.

ಇದನ್ನು ಮೊದಲು ಕಂಡವನು ಸ್ಟೆಟಿನ್ ಊರಿನ ಶಾಲಾಮಾಸ್ತರ ಹರ್ಮನ್ ಗ್ರಾಸ್ಮನ್. ಅವನ ಗ್ರಂಥ 1844ರಲ್ಲಿ ಹೊರಬಂದಾಗ ಗಣಿತಜ್ಞರು ಅದನ್ನು ಓದಲೇ ಇಲ್ಲವೆಂದರೂ ನಡೆಯುತ್ತದೆ; ಮುಂದೆ ಅವನು ಸಂಸ್ಕೃತದ ಕಡೆಗೆ ತಿರುಗಿ ಋಗ್ವೇದಕ್ಕೆ ಇಂದಿಗೂ ವಿದ್ವಾಂಸರು ಬಳಸುವಂಥ ನಿಘಂಟನ್ನು ರಚಿಸಿದನು. ಇತ್ತ ಡಬ್ಲಿನ್ನಿನಲ್ಲಿ ಗಣಿತಜ್ಞ ಹ್ಯಾಮಿಲ್ಟನ್ 1843ರಲ್ಲಿ ಕ್ವಾಟರ್ನಿಯನ್‌ಗಳೆಂಬ ನಾಲ್ಕು ಭಾಗಗಳ ಸಂಖ್ಯೆಗಳನ್ನು ಕಂಡುಹಿಡಿದಿದ್ದನು. ಈ ಇಬ್ಬರ ಕೆಲಸವೂ ಒಂದೇ ಗುಣಾಕಾರದಲ್ಲಿ ಕೂಡುತ್ತದೆ ಎಂದು 1878ರಲ್ಲಿ ತೋರಿಸಿದವನು ಇಂಗ್ಲೆಂಡಿನ ವಿಲಿಯಂ ಕಿಂಗ್ಡನ್ ಕ್ಲಿಫರ್ಡ್. ಮರುವರ್ಷವೇ, 33ರ ವಯಸ್ಸಿನಲ್ಲಿ, ಅವನು ಕ್ಷಯರೋಗದಿಂದ ಮಡೀರಾ ದ್ವೀಪದಲ್ಲಿ ತೀರಿಕೊಂಡನು. ಅವನು ಇನ್ನಷ್ಟು ಕಾಲ ಬದುಕಿದ್ದರೆ ಗಿಬ್ಸ್ ಮತ್ತು ಹೆವಿಸೈಡ್ ರೂಪಿಸಿದ ಬಾಣಗಳ ಪದ್ಧತಿ ಇಷ್ಟು ಸುಲಭವಾಗಿ ಎಲ್ಲ ತರಗತಿಗಳನ್ನೂ ಆವರಿಸುತ್ತಿರಲಿಲ್ಲವೇನೋ ಎಂದು ನನಗೆ ಅನ್ನಿಸುತ್ತದೆ.

ಕ್ಲಿಫರ್ಡನ ಗುಣಾಕಾರಕ್ಕೆ ಬೇಕಾದ ಮುಖ್ಯ ನಿಯಮ ಒಂದೇ: ಯಾವುದೇ ಸದಿಶವನ್ನು ಅದರಿಂದಲೇ ಗುಣಿಸಿದರೆ ಅದರ ಉದ್ದದ ವರ್ಗ ದೊರೆಯಬೇಕು. ಕ ಮತ್ತು ಖ ಒಂದಕ್ಕೊಂದು ಲಂಬವಾಗಿರುವ, ಒಂದೊಂದು ಮಾನ ಉದ್ದದ ಸದಿಶಗಳಾಗಿರಲಿ. ಕ + ಖ ಎಂಬುದು ಚೌಕದ ಕರ್ಣವಾದ್ದರಿಂದ ಪೈಥಾಗೊರಸನ ಪ್ರಮೇಯದಂತೆ ಅದರ ವರ್ಗ 2. ಬಿಡಿಸಿ ಗುಣಿಸಿದರೆ ಕಕ + ಕಖ + ಖಕ + ಖಖ ಬರುತ್ತದೆ. ಕಕ ಮತ್ತು ಖಖ ಸೇರಿಯೇ 2 ಆಗುವುದರಿಂದ ಕಖ + ಖಕ ಸೊನ್ನೆಯಾಗಲೇಬೇಕು. ಅಂದರೆ ಕಖ = −ಖಕ. ಈಗ ಕಖದ ವರ್ಗ ತೆಗೆಯೋಣ: ಕಖಕಖ = −ಕಕಖಖ = −1. ಒಂದು ಸಮತಲದ ತುಣುಕು, ವರ್ಗ ಮಾಡಿದರೆ ಋಣ ಒಂದು! ಕಾಲ್ಪನಿಕ ಸಂಖ್ಯೆ ಎಂದು ಹೆಸರಿಟ್ಟು ಮಕ್ಕಳನ್ನು ಹೆದರಿಸುವ −1ರ ವರ್ಗಮೂಲ ಇಲ್ಲಿ ಕಾಗದದ ಮೇಲೆ ಬರೆದು ತೋರಿಸಬಹುದಾದ ಚೌಕವಾಗಿ ನಿಲ್ಲುತ್ತದೆ. ಲಂಬವಲ್ಲದ ಸದಿಶಗಳನ್ನು ಗುಣಿಸಿದರೆ ಒಂದು ಸಂಖ್ಯೆಯೂ ಒಂದು ದ್ವಿಸದಿಶವೂ ಜೊತೆಯಾಗಿ ಬರುತ್ತವೆ. ಎರಡು ಬೇರೆ ಗುಣಾಕಾರಗಳೆಂದು ಕಲಿಸುತ್ತಿದ್ದುದು ಒಂದರದೇ ಎರಡು ಪಾಲು.

ಭೌತಶಾಸ್ತ್ರ ಈ ನಿಯಮವನ್ನು ಬೇರೆ ಬಾಗಿಲಿನಿಂದ ಒಳಗೆ ಕರೆದುಕೊಂಡಿತು. 1927ರಲ್ಲಿ ಪೌಲಿ ಎಲೆಕ್ಟ್ರಾನಿನ ಸ್ಪಿನ್ನಿಗಾಗಿ (ಕಣಕ್ಕೆ ಸಹಜವಾಗಿಯೇ ಇರುವ ತಿರುಗುವಿಕೆಯಂಥ ಗುಣಕ್ಕಾಗಿ) ಬರೆದ ಮೂರು ಮಾತೃಕೆಗಳೂ (ಸಂಖ್ಯೆಗಳ ಚೌಕ ಜೋಡಣೆಗಳೂ), 1928ರಲ್ಲಿ ಡಿರಾಕ್ ತನ್ನ ಸಮೀಕರಣಕ್ಕಾಗಿ ಬರೆದ ನಾಲ್ಕು ಮಾತೃಕೆಗಳೂ ಪಾಲಿಸುವುದು ಕ್ಲಿಫರ್ಡನ ಇದೇ ಗುಣಾಕಾರವನ್ನು. ಈ ಮಾತೃಕೆಗಳನ್ನು ಆಕಾಶ ಮತ್ತು ಕಾಲದ ಸದಿಶಗಳೆಂದೇ ಓದಬೇಕೆಂದು 1966ರಿಂದ ವಾದಿಸುತ್ತ ಬಂದವರು ಅಮೆರಿಕದ ಡೇವಿಡ್ ಹೆಸ್ಟೆನಿಸ್. ಹಾಗೆ ಓದಿದಾಗ ವಿದ್ಯುತ್ ಕ್ಷೇತ್ರವೂ ಕಾಂತಕ್ಷೇತ್ರವೂ ನಾಲ್ಕು ಆಯಾಮಗಳ ಒಂದೇ ದ್ವಿಸದಿಶದ ಭಾಗಗಳಾಗಿ, ಮ್ಯಾಕ್ಸ್‌ವೆಲ್ಲನ ನಾಲ್ಕು ಸಮೀಕರಣಗಳು ಒಂದೇ ಸಾಲಿಗೆ ಇಳಿಯುತ್ತವೆ. ಇದರಿಂದ ಮ್ಯಾಕ್ಸ್‌ವೆಲ್ಲನ ಭೌತಶಾಸ್ತ್ರ ಬದಲಾಗುವುದಿಲ್ಲ ಎಂಬುದನ್ನು ಪ್ರಾಮಾಣಿಕವಾಗಿ ಹೇಳಬೇಕು. ಆದರೆ ಅಲ್ಲಿ ಏನು ನಡೆಯುತ್ತಿದೆ ಎಂಬುದು ಎಷ್ಟೋ ನಿಚ್ಚಳವಾಗುತ್ತದೆ. ಕಂಪ್ಯೂಟರ್ ಗ್ರಾಫಿಕ್ಸ್ ಮತ್ತು ರೋಬೊಗಳ ತೋಳಿನ ಲೆಕ್ಕಾಚಾರದಲ್ಲೂ ಈ ಬೀಜಗಣಿತಕ್ಕೆ ಬಳಕೆಯಿದೆ.

ನನಗೆ ಎಲ್ಲಕ್ಕಿಂತ ಪ್ರಿಯವಾದ ಭಾಗ ಕನ್ನಡಿಗಳದು. ನ ಎಂಬ ಏಕಮಾನ ಸದಿಶಕ್ಕೆ ಲಂಬವಾಗಿ ಕನ್ನಡಿಯೊಂದನ್ನು ಇಟ್ಟರೆ, ವ ಎಂಬ ಸದಿಶದ ಪ್ರತಿಬಿಂಬ −ನವನ. ಮ ಎಂಬ ಏಕಮಾನ ಸದಿಶಕ್ಕೆ ಲಂಬವಾಗಿ ಎರಡನೆಯ ಕನ್ನಡಿಯನ್ನು ಇಟ್ಟರೆ, ಪ್ರತಿಬಿಂಬದ ಪ್ರತಿಬಿಂಬ ಮನವನಮ. ಇದು ತಿರುಗುವಿಕೆಯೇ ಆಗಿದ್ದು, ತಿರುಗಿದ ಕೋನ ನ ಮತ್ತು ಮ ನಡುವಿನ ಕೋನದ ಎರಡರಷ್ಟಿರುತ್ತದೆ. ಒಂದು ಪೂರ್ತಿ ಸುತ್ತು, ಅಂದರೆ 360 ಡಿಗ್ರಿ ಆಗಬೇಕಾದರೆ ಅವುಗಳ ನಡುವೆ 180 ಡಿಗ್ರಿ ಇರಬೇಕು, ಆಗ ಮ = −ನ. ವ ಮೊದಲಿನ ಜಾಗಕ್ಕೇ ಬಂದು ಸೇರಿರುತ್ತದೆ, ಆದರೆ ಅದನ್ನು ತಿರುಗಿಸಿದ ಮನ ಎಂಬ ಗುಣಲಬ್ಧ ಮಾತ್ರ −1 ಆಗಿರುತ್ತದೆ. ಅದು ಮತ್ತೆ 1 ಆಗಲು ಇನ್ನೊಂದು ಸುತ್ತು ಬೇಕು. ಬರಿಯ ಲೆಕ್ಕದ ಚಿಹ್ನೆ ಎಂದು ಇದನ್ನು ತಳ್ಳಿಹಾಕುವಂತಿಲ್ಲ. 1975ರಲ್ಲಿ ಎರಡು ತಂಡಗಳು ನ್ಯೂಟ್ರಾನ್ ಕಿರಣವನ್ನು ಎರಡಾಗಿ ಸೀಳಿ, ಒಂದು ಕವಲನ್ನು ಮಾತ್ರ ಕಾಂತಕ್ಷೇತ್ರದಲ್ಲಿ ಹಾಯಿಸಿ ಅದರ ಸ್ಪಿನ್ನನ್ನು ತಿರುಗಿಸಿ, ಎರಡೂ ಕವಲುಗಳನ್ನು ಮತ್ತೆ ಕೂಡಿಸಿ ನೋಡಿದವು. 360 ಡಿಗ್ರಿ ತಿರುಗಿದ ನ್ಯೂಟ್ರಾನ್ ಅಲೆಯ ಚಿಹ್ನೆ ಉಲ್ಟಾ ಆಗಿತ್ತು. 720 ಡಿಗ್ರಿ ತಿರುಗಿದ ಮೇಲಷ್ಟೇ ಅದು ಮೊದಲಿನಂತಾಯಿತು.