ಕಾಳಿಯ ಕಲ್ಲಿನ ಮುಂದೆ ಅಪ್ಪ

ಏಳೆಂಟು ವರ್ಷಗಳ ಹಿಂದಿನ ಮಾತು. ಕಣ್ಣಿನ ಪೊರೆ ತೆಗೆಸಿಕೊಂಡಿದ್ದ ಅಪ್ಪನನ್ನು ಮರುತಪಾಸಣೆಗೆಂದು ಬೆಂಗಳೂರಿಗೆ ಕರೆಸಿಕೊಂಡಿದ್ದೆ. ವೈದ್ಯರು ಹತ್ತು ಗಂಟೆಗೆಲ್ಲ ನೋಡಿ ಕಳಿಸಿಬಿಟ್ಟರು. ಮದ್ದೂರಿನ ರೈಲು ಇದ್ದದ್ದು ಸಂಜೆಗೆ. ಮಾಲ್ ತೋರಿಸುತ್ತೇನೆ ಎಂದರೆ, “ಕೊಳ್ಳುವುದು ಏನೂ ಇಲ್ಲವಲ್ಲವ್ವ” ಎಂದ.

ಕಸ್ತೂರಬಾ ರಸ್ತೆಯಲ್ಲಿ ಮೂರು ಸಂಗ್ರಹಾಲಯಗಳು ಒಂದರ ಪಕ್ಕ ಒಂದಿವೆ. ಬಿಸಿಲಿನಲ್ಲಿ ಹೆಚ್ಚು ನಡೆಸಬೇಕಾಗಿಲ್ಲ ಎಂಬ ಲೆಕ್ಕ ನನ್ನದು. 1865ರಲ್ಲಿ ಶುರುವಾದ ಸರ್ಕಾರಿ ವಸ್ತುಸಂಗ್ರಹಾಲಯದ ಕೆಂಪು ಕಟ್ಟಡದ ಮುಂದೆ ಬಸ್ಸಿನಲ್ಲಿ ಸಾವಿರ ಸಲವಾದರೂ ಹೋಗಿದ್ದೇನೆ. ಒಳಗೆ ಕಾಲಿಟ್ಟದ್ದು ಶಾಲೆಯ ಪ್ರವಾಸದಲ್ಲಿ ಒಂದೇ ಸಲ. ಅಂದಿನದು ನೆನಪಿರುವುದು ಬುತ್ತಿಯ ಪುಳಿಯೋಗರೆ ಮಾತ್ರ.

ಮೊದಲು ವಿಶ್ವೇಶ್ವರಯ್ಯ ಸಂಗ್ರಹಾಲಯ. ಮಕ್ಕಳ ಗದ್ದಲಕ್ಕೆ ಅಪ್ಪನಿಗೆ ಅರ್ಧ ಗಂಟೆಯಲ್ಲೇ ಸಾಕಾಯಿತು. ವೆಂಕಟಪ್ಪ ಚಿತ್ರಶಾಲೆಯಲ್ಲಿ ನಿಧಾನವಾದ. ಊಟಿಯ ಬೆಟ್ಟಗಳ ಜಲವರ್ಣ ಚಿತ್ರಗಳ ಮುಂದೆ ಹೊಸ ಕಣ್ಣನ್ನು ಕಿರಿದು ಮಾಡಿಕೊಂಡು ನಿಂತು, “ಈ ಮೋಡ ಸುರಿಯುವುದಿಲ್ಲ, ಹೀಗೇ ಹೋಗಿಬಿಡುತ್ತದೆ” ಎಂದು ತೀರ್ಪು ಕೊಟ್ಟ. ಮಳೆ ನಂಬಿ ಬದುಕಿದವನ ವಿಮರ್ಶೆ. ವೆಂಕಟಪ್ಪನವರು ಕೇಳಿದ್ದರೆ ಒಪ್ಪುತ್ತಿದ್ದರೋ ಏನೋ.

ಕೆಂಪು ಕಟ್ಟಡಕ್ಕೆ ಬಂದಾಗ ಇಬ್ಬರಿಗೂ ಹಸಿವು. ವೀರಗಲ್ಲು, ಶಾಸನಗಳ ನಡುವೆ ಬೇಗ ಬೇಗ ನಡೆಯುತ್ತಿದ್ದೆ. ಹಿಂದಿರುಗಿ ನೋಡಿದರೆ ಅಪ್ಪ ಇಲ್ಲ. ದೂರದಲ್ಲಿ ಒಂದು ಕಲ್ಲಿನ ಮುಂದೆ ಬಗ್ಗಿ ನಿಂತಿದ್ದ.

“ಇದರಲ್ಲಿ ಆತಕೂರು ಎಂದು ಬರೆದಿದೆ. ನಮ್ಮ ಆತಕೂರೇ?”

ನಮ್ಮದೇ. ಮದ್ದೂರು ತಾಲ್ಲೂಕಿನ ಆತಕೂರು, ನಮ್ಮೂರಿಂದ ಮೂರು ಮೈಲಿ. ಕಲ್ಲಿನ ನಡುವೆ ಒಂದು ನಾಯಿ, ಒಂದು ಕಾಡುಹಂದಿ ಕಾದಾಡುತ್ತಿವೆ. ಸುತ್ತ ಹಳಗನ್ನಡ ಲಿಪಿ. ಅಪ್ಪ ಒಂದು ಅಕ್ಷರಕ್ಕೆ ಬೆರಳು ಚಾಚಿದ. “ಮುಟ್ಟಬೇಡಿ ಯಜಮಾನರೇ” ಎಂದು ಕಾವಲುಗಾರ ಹೇಳಿದ್ದಕ್ಕೆ ಕೈ ಹಿಂದೆಗೆದು ಕಟ್ಟಿಕೊಂಡ. ನಾನು ಮೊಬೈಲ್ ತೆಗೆದು ಹುಡುಕಿ ಓದಿ ಹೇಳುತ್ತಾ ಹೋದೆ.

949ರಲ್ಲಿ, ಈಗ ತಮಿಳುನಾಡಿನಲ್ಲಿರುವ ತಕ್ಕೋಲದಲ್ಲಿ ಯುದ್ಧ. ರಾಷ್ಟ್ರಕೂಟರ ಮೂರನೆಯ ಕೃಷ್ಣನ ಪರವಾಗಿ ಹೋರಾಡಿದ ಗಂಗರ ಬೂತುಗ, ಚೋಳರ ರಾಜಾದಿತ್ಯನನ್ನು ಕೊಂದ. ಕೃಷ್ಣ ಮೆಚ್ಚಿ ಬೂತುಗನಿಗೆ ಬನವಾಸಿ, ಬೆಳ್ವೊಲ ಹೀಗೆ ನಾಡಿನ ಮೇಲೆ ನಾಡು ಕೊಟ್ಟ. ಅದೇ ಯುದ್ಧದಲ್ಲಿ ಬೂತುಗನ ಕಡೆಯ ಮಣಲೇರನೂ ಕಾದಿದ್ದ. ಏನು ಬೇಕೋ ಕೇಳು ಎಂದು ಬೂತುಗ ಹೇಳಿದರೆ ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು.

“ನಾಯಿಯನ್ನೇ?”

“ನಾಯಿಯನ್ನೇ.”

ಬೆಳತೂರಿನ ಪಡುವಣ ಮೊರಡಿಯಲ್ಲಿ, ಅಂದರೆ ಪಶ್ಚಿಮದ ಗುಡ್ಡದಲ್ಲಿ, ದೊಡ್ಡ ಹಂದಿಯೊಂದರ ಮೇಲೆ ಕಾಳಿಯನ್ನು ಬಿಟ್ಟರು. ಎರಡೂ ಒಟ್ಟಿಗೆ ಸತ್ತವು. ಮಣಲೇರ ಆತಕೂರಿನ ದೇವಾಲಯದ ಮುಂದೆ ಈ ಕಲ್ಲು ನೆಡಿಸಿ, ಪೂಜೆಗೆ ಭೂಮಿ ಬಿಟ್ಟ. ಕಲ್ಲಿಗೆ ಪೂಜೆ ಮಾಡದೆ ಪೂಜಾರಿ ಉಣ್ಣುವಂತಿಲ್ಲ, ಉಂಡರೆ ಪಾಪ.

ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. ನಮ್ಮ ಕಬ್ಬಿನ ಗದ್ದೆಗೆ ಈಗಲೂ ಹಂದಿ ನುಗ್ಗುತ್ತದೆ. ರಾತ್ರಿ ಕಾವಲಿಗೆ ಹೋಗಿ ತೊಡೆಗೆ ಕೋರೆ ತಿವಿಸಿಕೊಂಡವರು ನಮ್ಮ ಬೀದಿಯಲ್ಲೇ ಇದ್ದಾರೆ. ಆಮೇಲೆ ಹೇಳಿದ: “ಎದುರಿನಿಂದ ಹೋಗಿರಬೇಕು. ಹಿಂದಿನಿಂದ ಹಿಡಿಯುವ ನಾಯಿ ಉಳಿದುಕೊಳ್ಳುತ್ತದೆ. ಧೈರ್ಯ ಜಾಸ್ತಿ ಇರುವುದು ಎದುರಿಗೇ ಹೋಗುತ್ತದೆ.” ಒಂದು ನಿಮಿಷ ಬಿಟ್ಟು, “ಹೆಣ್ಣು ನಾಯಿಯೋ ಗಂಡೋ, ಬರೆದಿದೆಯೇ ನೋಡವ್ವ” ಎಂದ. ನಾನು ಹುಡುಕಿದಷ್ಟರಲ್ಲಿ ಅದು ಸಿಗಲಿಲ್ಲ.

ಪಠ್ಯಪುಸ್ತಕ ಓದಿ ನಾನು ತಕ್ಕೋಲದ ಯುದ್ಧವನ್ನು ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಬರೆದವಳು. ಅದರಲ್ಲಿ ನಾಯಿ ಇರಲಿಲ್ಲ. ಇದ್ದಿದ್ದರೆ ಇಸವಿ ಮರೆಯುತ್ತಿರಲಿಲ್ಲ.

ಉಳಿದ ಕೋಣೆಗಳನ್ನು ಅಪ್ಪ ನೋಡಲೇ ಇಲ್ಲ. ನಾನು ಸುತ್ತಿ ಬರುವವರೆಗೂ ಅಲ್ಲೇ ಕಾವಲುಗಾರನ ಜೊತೆ ಹಂದಿಯ ಕಾಟ ಹೇಳಿಕೊಳ್ಳುತ್ತಿದ್ದ. ಆತನೂ ತಮ್ಮೂರಿನ ಹಂದಿಗಳ ಕಥೆ ತೆಗೆದಿದ್ದ.

ರಾತ್ರಿ ಅಪ್ಪ ಊರು ಮುಟ್ಟಿದ ಮೇಲೆ ಅವ್ವ ಫೋನ್ ಮಾಡಿದಳು.

“ಬೆಂಗಳೂರಿನಲ್ಲಿ ಏನು ನೋಡಿದಿರಿ ಎಂದು ಕೇಳಿದರೆ ಆತಕೂರು ನೋಡಿದೆ ಅನ್ನುತ್ತಿದ್ದಾರಲ್ಲೇ. ಅದಕ್ಕೆ ಅಷ್ಟು ದೂರ ಹೋಗಬೇಕಿತ್ತೇ?”