ಖೂಶೂರ್ ಕೊನೆಗೂ ಬಾಯಿ ಬಿಡಲಿಲ್ಲ!

ಇವತ್ತು ಕರಿದ ಹನ್ನೆರಡರಲ್ಲಿ ಹನ್ನೊಂದು ಗಟ್ಟಿಯಾಗಿ ನಿಂತವು. ಎರಡು ವಾರದಲ್ಲಿ ಇದು ಮೂರನೇ ಪ್ರಯತ್ನ. ಖುಷಿ ತಡೆಯಲಾಗದೆ ಕೈ ತೊಳೆದವನೇ ಬರೆಯಲು ಕೂತಿದ್ದೇನೆ.

ಖೂಶೂರ್ ಅಂದರೆ ಮಂಗೋಲಿಯಾದವರು ಎಣ್ಣೆಯಲ್ಲಿ ಕರಿಯುವ ಮಾಂಸದ ಕಡುಬು. ಜುಲೈ 11ಕ್ಕೆ ಶುರುವಾಗುವ ನಾದಮ್ ಹಬ್ಬದಲ್ಲಿ ಕುಸ್ತಿ, ಬಿಲ್ಲುಗಾರಿಕೆ, ಕುದುರೆ ಓಟ ನೋಡಲು ಬಂದವರು ಬಿಸಿಬಿಸಿಯಾಗಿ ತಿನ್ನುವುದು ಇದನ್ನೇ. ನಮ್ಮ ಮುಂಡಗೋಡದ ಡ್ರೆಪುಂಗ್ ಗೋಮಾಂಗ್ ಎಂಬ ಟಿಬೆಟನ್ ಬೌದ್ಧ ಮಠದಲ್ಲಿ ಓದಲು ಮಂಗೋಲಿಯಾದ ಭಿಕ್ಷುಗಳು ಬರುತ್ತಾರೆ. ಹೋದ ತಿಂಗಳು ಅವರಲ್ಲೊಬ್ಬರು ತಮ್ಮ ಅಮ್ಮನ ಕೈಯ ಖೂಶೂರ್ ಬಗ್ಗೆ ಹೇಳಿದ್ದೇ ಹೇಳಿದ್ದು. ಹುಬ್ಬಳ್ಳಿಗೆ ವಾಪಸ್ ಬರುವ ಬಸ್ಸಿನಲ್ಲೇ ಮಾಡಿ ನೋಡಬೇಕು ಅನ್ನಿಸಿತ್ತು.

ಕಣಕ ಸುಲಭ. ಮೈದಾ, ಉಪ್ಪು, ನೀರು. ನಾದಿ ಅರ್ಧ ಗಂಟೆ ಮುಚ್ಚಿಡುವುದು. ಹೂರಣಕ್ಕೆ ಕುರಿ ಮಾಂಸ, ಈರುಳ್ಳಿ, ಬೆಳ್ಳುಳ್ಳಿ, ಉಪ್ಪು, ಸ್ವಲ್ಪ ನೀರು. ಗರಂ ಮಸಾಲೆ ಡಬ್ಬಿ ತೆಗೆಯಬೇಡಿ, ಇಲ್ಲಿ ಮಾಂಸದ ರುಚಿಯೇ ಮುಖ್ಯ.

ಆ ಮಾಂಸ ಸಿಗುವುದೇ ಕಷ್ಟ. ಕುರಿ ಕೇಳಿದರೆ ಆಡು ಕೊಟ್ಟು "ಎರಡೂ ಒಂದೇ ತಗೋರಿ" ಅನ್ನುತ್ತಾರೆ. ಕೊಬ್ಬು ಇರಲಿ ಅಂದರೆ, ಖಾಯಂ ಗಿರಾಕಿ ಅಂತ ಪ್ರೀತಿಯಿಂದ ಎಲ್ಲಾ ತೆಗೆದು ಕೊಡುತ್ತಾರೆ! ಅಂಗಡಿಯ ಖೀಮಾ ಚಟ್ನಿಯಷ್ಟು ನುಣ್ಣಗೆ. ಎರಡನೇ ಸಲದಿಂದ ಚಾಕುವಿನಲ್ಲಿ ನಾನೇ ಕೊಚ್ಚಿಕೊಂಡೆ.

ಕಾಡಿದ್ದು ಅಂಚು. ಮೊದಲ ಸಲ ಎಣ್ಣೆಗೆ ಬಿಟ್ಟು ನಿಮಿಷವೂ ಆಗಿರಲಿಲ್ಲ, ಅಂಚಿನುದ್ದಕ್ಕೂ ಸಣ್ಣ ಗುಳ್ಳೆಗಳು ಎದ್ದವು. ಆಮೇಲೆ ಚಟ್ ಅಂತ ಸದ್ದು. ರಸವೆಲ್ಲ ಬಾಣಲೆಗೆ, ಎಣ್ಣೆ ನನ್ನ ಮೊಣಕೈಗೆ. ಎರಡನೇ ಸಲ ಕಣಕ ಗಟ್ಟಿ ಮಾಡಿದೆ, ಅಂಚು ಕೂಡಲೇ ಇಲ್ಲ. ಹೂರಣಕ್ಕೆ ನೀರು ಹಾಕುವುದನ್ನೇ ಬಿಟ್ಟೆ. ಒಡೆಯುವುದು ಸ್ವಲ್ಪ ಕಡಿಮೆಯಾಯಿತು, ಆದರೆ ಒಳಗೆಲ್ಲ ಒಣ ಒಣ. ಕಚ್ಚಿದಾಗ ರಸ ಬರದಿದ್ದರೆ ಅದು ಖೂಶೂರ್ ಹೇಗಾಗುತ್ತೆ, ಅಲ್ವಾ?

ಇವತ್ತು ಕರಿಯುವ ಮೊದಲೇ ಒಂದನ್ನು ಬಿಚ್ಚಿ ನೋಡಿದೆ. ಅಂಚಿನ ಒಂದು ಕಡೆ, ಉಗುರಿನಷ್ಟು ಜಾಗದಲ್ಲಿ, ಕೊಬ್ಬಿನ ಪಸೆ ಹೊಳೆಯುತ್ತಿತ್ತು. ಹೂರಣ ಮುಟ್ಟಿದ ಬೆರಳಿನಿಂದಲೇ ಅಂಚು ಒತ್ತುತ್ತಿದ್ದೆ! ಪಸೆ ಇದ್ದಲ್ಲಿ ಹಿಟ್ಟಿಗೆ ಹಿಟ್ಟು ಅಂಟುವುದಿಲ್ಲ. ಹೂರಣವನ್ನು ನಡುವೆ ಗುಡ್ಡೆ ಹಾಕಿದ್ದರಿಂದ ಸುತ್ತ ಗಾಳಿಯೂ ಉಳಿದಿತ್ತು. ಬಿಸಿ ಎಣ್ಣೆಯಲ್ಲಿ ಗಾಳಿ ಉಬ್ಬಿ, ಆವಿ ಸೇರಿ, ಅಂಟದ ಜಾಗವನ್ನೇ ಹುಡುಕಿ ಹೊರಬರುತ್ತದೆ.

ಅಲ್ಲಿಂದ ಹೂರಣಕ್ಕೆ ಚಮಚ, ಅಂಚಿಗೆ ಒಣ ಕೈ. ಅರ್ಧ ಕೆಜಿ ಮಾಂಸಕ್ಕೆ ನಾಲ್ಕು ಚಮಚ ನೀರು ಮತ್ತೆ ಹಾಕಿದೆ. ಹೂರಣ ಚಪ್ಪಟೆಯಾಗಿ ಹರಡಿ, ಮಡಿಚಿ, ಅಂಗೈಯಿಂದ ಗಾಳಿಯನ್ನು ಮೆಲ್ಲಗೆ ಹೊರಗೆ ದೂಡಿ, ಕರ್ಜಿಕಾಯಿ ಥರ ಅಂಚು ಮಡಿಚುತ್ತಾ ಬಂದೆ. ಎಲ್ಲಾ ತುಂಬಿ ತಟ್ಟೆಯಲ್ಲಿ ಜೋಡಿಸಿಡಲೂ ಇಲ್ಲ. ಹಾಗಿಟ್ಟರೆ ರಸ ಇಳಿದು ತಳ ಮೆತ್ತಗಾಗುತ್ತದೆ. ಎರಡೆರಡು ತುಂಬಿ, ಆಗಲೇ ಕರಿದೆ.

ಮೊದಲನೆಯದನ್ನು ಕಚ್ಚಿದಾಗ ರಸ ಮಣಿಕಟ್ಟಿನವರೆಗೆ ಇಳಿಯಿತು. ಒಡೆದ ಆ ಒಂದನ್ನು ತೀರಾ ತೆಳ್ಳಗೆ ಲಟ್ಟಿಸಿದ್ದೆ.

ಮುಂದೆ ಬೂಜ್. ಇದೇ ಹೂರಣ, ಆದರೆ ಹಬೆಯಲ್ಲಿ ಬೇಯುತ್ತದೆ. ಮಂಗೋಲಿಯಾದವರ ಹೊಸ ವರ್ಷ ತ್ಸಗಾನ್ ಸಾರ್‌ಗೆ ಮನೆಮಂದಿಯೆಲ್ಲ ಕೂತು ನೂರಾರು ಮಾಡಿ, ಚಳಿಗಾಲದ ಆ ಕೊರೆತದಲ್ಲಿ ಹೊರಗಿಟ್ಟು ಹೆಪ್ಪುಗಟ್ಟಿಸುತ್ತಾರಂತೆ. ನನ್ನ ಹತ್ತಿರ ಇಡ್ಲಿ ಪಾತ್ರೆ ಇದೆ, ಒಂದೊಂದು ಗುಳಿಗೆ ಒಂದೊಂದು ಸರಿಯಾಗಿ ಕೂರಬಹುದು. ಜೊತೆಗೆ ಉಪ್ಪು ಹಾಕಿದ ಹಾಲಿನ ಚಹಾ ಕೂಡ ಮಾಡಬೇಕು. ಭಾನುವಾರಕ್ಕೆ ಕುರಿ ಕೊಬ್ಬು ತೆಗೆದಿಡಲು ಅಂಗಡಿಯಲ್ಲಿ ಈಗಲೇ ಹೇಳಿ ಬಂದಿದ್ದೇನೆ.