ಮೇಡನ್ ಕ್ಯಾಸಲ್‌ಗೆ ಹೋದರೆ ಪೂರ್ವದ ಬಾಗಿಲವರೆಗೂ ನಡೆಯಿರಿ

ಇಂಗ್ಲೆಂಡಿನಲ್ಲಿ ಕೋಟೆ ನೋಡಲು ಹೊರಟವರು ಸಾಮಾನ್ಯವಾಗಿ ಕಲ್ಲಿನ ಗೋಡೆ, ಬುರುಜು ಇರುವ ಕಡೆಗೇ ಹೋಗುತ್ತಾರೆ. ಡಾರ್ಸೆಟ್ ಜಿಲ್ಲೆಯ ಮೇಡನ್ ಕ್ಯಾಸಲ್ ಕಬ್ಬಿಣಯುಗದ ಕೋಟೆ, ಅಲ್ಲಿ ಅದ್ಯಾವುದೂ ಇಲ್ಲ. ಇರುವುದು ಒಂದು ದೊಡ್ಡ ಗುಡ್ಡ, ಅದರ ಸುತ್ತ ಮನುಷ್ಯರು ತೋಡಿದ ಆಳವಾದ ಕಂದಕಗಳು, ತೋಡಿ ತೆಗೆದದ್ದನ್ನೇ ಪೇರಿಸಿ ಮಾಡಿದ ಏರಿಗಳು, ಅವುಗಳ ಮೇಲೆಲ್ಲ ಹುಲ್ಲು, ಹುಲ್ಲು ಮೇಯುವ ಕುರಿಗಳು. ಮತ್ತೆ ಗಾಳಿ. ಬೇಸಿಗೆಯಲ್ಲೂ ಜಾಕೆಟ್ ಬೇಕು ಅನ್ನಿಸುವಂಥ ಗಾಳಿ.

ಡಾರ್ಚೆಸ್ಟರ್ ಊರಿನಿಂದ ಸುಮಾರು ಎರಡು ಮೈಲಿ ದೂರ. ಇಂಗ್ಲಿಷ್ ಹೆರಿಟೇಜ್ ಸಂಸ್ಥೆ ನೋಡಿಕೊಳ್ಳುತ್ತದೆ. ಟಿಕೆಟ್ ಇಲ್ಲ, ಹಗಲು ಹೊತ್ತಿನಲ್ಲಿ ಯಾರು ಬೇಕಾದರೂ ಹತ್ತಬಹುದು. ಕಾರ್ ಪಾರ್ಕಿನಿಂದ ಹತ್ತಿದರೆ ಸಿಗುವುದು ಪಶ್ಚಿಮದ ಬಾಗಿಲು. ಬಾಗಿಲು ಅಂದರೆ ಈಗ ಕದ, ಕಂಬ ಏನೂ ಇಲ್ಲ, ಏರಿಗಳ ನಡುವಿನ ದಾರಿ ಅಷ್ಟೇ. ಆದರೆ ಆ ದಾರಿ ನೆಟ್ಟಗೆ ಒಳಗೆ ಹೋಗುವುದಿಲ್ಲ. ಎಡಕ್ಕೆ ತಿರುಗುತ್ತದೆ, ಬಲಕ್ಕೆ ತಿರುಗುತ್ತದೆ, ಇನ್ನೇನು ಬಂತು ಅನ್ನುವಾಗ ಎದುರಿಗೆ ಮತ್ತೊಂದು ಏರಿ ನಿಂತಿರುತ್ತದೆ. ಪ್ರತಿ ತಿರುವಿನಲ್ಲೂ ಎರಡೂ ಪಕ್ಕ ಎತ್ತರದಲ್ಲಿ ಜನ ನಿಂತು ನಿಮ್ಮನ್ನು ನೋಡಬಹುದಿತ್ತು. ಇಲ್ಲಿಗೆ ಮೊದಲ ಸಲ ಬಂದ ವ್ಯಾಪಾರಿಗೋ ನೆಂಟನಿಗೋ ಎದೆ ಢವಗುಟ್ಟಿರಬೇಕು, ಶತ್ರುವಿನ ಮಾತು ಹಾಗಿರಲಿ.

ಬಹಳ ಜನ ಇಲ್ಲಿಂದ ಒಳಗೆ ಹೋಗಿ, ಬಯಲು ನೋಡಿ, ನಾಲ್ಕು ಫೋಟೋ ತೆಗೆದು ವಾಪಸ್ ಇಳಿದುಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಒಳಗಿನ ಏರಿಯ ಮೇಲೇ ನಡೆಯುತ್ತ ಹೋಗಿ. ಒಳಗಿನ ಜಾಗವೇ ಸುಮಾರು 47 ಎಕರೆ, ಹಾಗಾಗಿ ಸಮಯ ಇಟ್ಟುಕೊಂಡು ಬನ್ನಿ. ದಕ್ಷಿಣದ ಕಡೆ ಏರಿಯ ತುದಿಯಲ್ಲಿ ನಿಂತು ಕೆಳಗೆ ನೋಡಿದರೆ ಒಂದರ ಹಿಂದೊಂದು ಕಂದಕ, ಒಂದರ ಹಿಂದೊಂದು ಏರಿ. ಕುರಿ ತುಳಿದು ಹುಲ್ಲು ಕಿತ್ತುಹೋದ ಕಡೆ ಕೆಳಗಿನ ಬಿಳಿ ಸುಣ್ಣಕಲ್ಲು ಕಾಣುತ್ತದೆ. ನಾನು ಅಲ್ಲಿ ಸುಮ್ನೆ ಕೂತುಬಿಟ್ಟೆ. ಈ ಗುಡ್ಡವೆಲ್ಲ ಅದೇ ಕಲ್ಲು. ಅಂದರೆ ಹೊಸದಾಗಿ ಕಟ್ಟಿದಾಗ ಈ ಏರಿಗಳು ಹಸಿರಾಗಿರಲಿಲ್ಲ, ಬೆಳ್ಳಗೆ ಹೊಳೆಯುತ್ತಿದ್ದವು, ಎಷ್ಟೋ ದೂರದಿಂದಲೇ ಕಣ್ಣಿಗೆ ಹೊಡೆಯುತ್ತಿದ್ದವು. ಬರೀ ಕಾವಲಿಗಾಗಿ ಮಾಡಿದ ಕೆಲಸ ಇದಲ್ಲ ಎಂದು ನನಗೆ ಅನ್ನಿಸಿದ್ದು ಅಲ್ಲೇ. ನಾವು ಇಷ್ಟು ಜನ ಇದ್ದೇವೆ, ಇಷ್ಟು ದುಡಿಯಬಲ್ಲೆವು ಎಂದು ಸುತ್ತಲಿನವರಿಗೆ ತೋರಿಸುವ ಆಸೆಯೂ ಇದರಲ್ಲಿ ಇದೆ.

ಇದೆಲ್ಲ ಒಂದೇ ಕಾಲದ್ದಲ್ಲ. ಕ್ರಿ.ಪೂ. 3500ರ ಆಸುಪಾಸಿನಲ್ಲೇ, ಅಂದರೆ ಕಬ್ಬಿಣ ಬರುವುದಕ್ಕೆ ಬಹಳ ಮೊದಲು, ನವಶಿಲಾಯುಗದ ಜನ ಇಲ್ಲಿ ಕಂದಕ ತೋಡಿ ಆವರಣ ಮಾಡಿಕೊಂಡಿದ್ದರು. ಆಮೇಲೆ ಅದರ ಮೇಲೆ 546 ಮೀಟರ್ ಉದ್ದದ ಒಂದು ಮಣ್ಣಿನ ದಿಬ್ಬ ಹಾಕಿದರು. ಕೋಟೆ ಬಂದದ್ದು ಕ್ರಿ.ಪೂ. 600ರ ಸುಮಾರಿಗೆ. ಆಗ ಅದು ಪೂರ್ವದ ತುದಿಗಷ್ಟೇ ಇತ್ತು, ಸುಮಾರು 16 ಎಕರೆ. ಕ್ರಿ.ಪೂ. 450ರ ಹೊತ್ತಿಗೆ ಅದನ್ನು ಮೂರು ಪಟ್ಟು ಹಿಗ್ಗಿಸಿದರು. ಒಳಗೆ ಸಾಲು ಸಾಲು ದುಂಡು ಮನೆಗಳು, ಧಾನ್ಯ ತುಂಬಿಡಲು ನೆಲದೊಳಗೆ ಹಗೇವುಗಳು. ಈಗ ಮೇಲೆ ಕಾಣುವ ಚೌಕಾಕಾರದ ಕಲ್ಲಿನ ಪಾಯ ಮಾತ್ರ ತೀರಾ ಈಚಿನದು, 4ನೇ ಶತಮಾನದ ರೋಮನ್ ಕಾಲದ ಗುಡಿ. ಅಷ್ಟರಲ್ಲಿ ಜನ ಗುಡ್ಡ ಬಿಟ್ಟು ಕೆಳಗಿನ ಊರು ಸೇರಿ ತುಂಬಾ ಕಾಲವಾಗಿತ್ತು.

ಈಗ ಪೂರ್ವದ ಬಾಗಿಲಿಗೆ ಬರೋಣ. 1934ರಿಂದ 1937ರವರೆಗೆ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಮತ್ತು ಅವರ ಹೆಂಡತಿ ಟೆಸ್ಸಾ ವೀಲರ್ ಇಲ್ಲಿ ಅಗೆಸಿದರು. ಟೆಸ್ಸಾ 1936ರಲ್ಲಿ ತೀರಿಕೊಂಡರು, ಅವರ ಹೆಸರನ್ನು ಎಲ್ಲರೂ ಬೇಗ ಮರೆಯುತ್ತಾರೆ, ನನಗೆ ಅದು ಬೇಜಾರಿನ ವಿಷಯ. (ಚಿತ್ರದುರ್ಗದ ಬ್ರಹ್ಮಗಿರಿ, ಚಂದ್ರವಳ್ಳಿಗಳಲ್ಲಿ 1947ರಲ್ಲಿ ಅಗೆಸಿದ್ದು ಇದೇ ವೀಲರ್.) ಈ ಬಾಗಿಲ ಹತ್ತಿರ ಅವರಿಗೆ ಕವಣೆ ಕಲ್ಲುಗಳ ದೊಡ್ಡ ರಾಶಿ ಸಿಕ್ಕಿತು, ಇಪ್ಪತ್ತು ಸಾವಿರಕ್ಕೂ ಜಾಸ್ತಿ. ಎಲ್ಲ ಚೆಸಿಲ್ ಕಡಲತೀರದಿಂದ ಹೊತ್ತು ತಂದ ನುಣುಪು ಕಲ್ಲುಗಳು. ಬಾಗಿಲಲ್ಲೇ ಒಂದು ಸ್ಮಶಾನವೂ ಸಿಕ್ಕಿತು. ಕೆಲವರ ತಲೆಬುರುಡೆಯ ಮೇಲೆ ಕತ್ತಿಯ ಏಟುಗಳು. ಒಬ್ಬರ ಬೆನ್ನುಮೂಳೆಯಲ್ಲಿ ಕಬ್ಬಿಣದ ಮೊನೆ ಹಾಗೇ ನೆಟ್ಟುಕೊಂಡಿತ್ತು.

ಕ್ರಿ.ಶ. 43ರಲ್ಲಿ ರೋಮನ್ನರು ಬ್ರಿಟನ್ನಿಗೆ ದಂಡೆತ್ತಿ ಬಂದರು. ಮುಂದೆ ಚಕ್ರವರ್ತಿಯಾದ ವೆಸ್ಪಾಸಿಯನ್ ಆಗ ಎರಡನೇ ಲೀಜನ್ ಎಂಬ ರೋಮನ್ ಸೇನಾಪಡೆಯ ದಂಡನಾಯಕ. ಅವನು ಇಪ್ಪತ್ತಕ್ಕೂ ಹೆಚ್ಚು ಊರುಗಳನ್ನು ಗೆದ್ದ ಎಂದು ಇತಿಹಾಸಕಾರ ಸ್ವೆಟೋನಿಯಸ್ ಬರೆದಿದ್ದಾನೆ, ಯಾವ ಊರು ಎಂದು ಬರೆದಿಲ್ಲ. ವೀಲರ್ ಇದನ್ನೂ ಮೂಳೆಗಳನ್ನೂ ಜೋಡಿಸಿ ಕಥೆ ಕಟ್ಟಿದರು: ರೋಮನ್ನರು ಬಾಗಿಲು ಮುರಿದು ಹೆಂಗಸರು ಗಂಡಸರೆನ್ನದೆ ಕೊಂದರು, ಉಳಿದವರು ರಾತ್ರಿ ಬಂದು ಅವಸರದಲ್ಲಿ ಹೂತರು. ಎಂಥ ಕಥೆ! ಅವರ ವರದಿ ಅಚ್ಚಾದದ್ದು 1943ರಲ್ಲಿ, ಹೊರಗಿನ ಶತ್ರು ಇಂಗ್ಲೆಂಡಿನ ಮೇಲೆ ಬಾಂಬು ಹಾಕುತ್ತಿದ್ದ ಕಾಲ. ಜನ ಅದನ್ನು ಅಪ್ಪಿಕೊಂಡದ್ದರಲ್ಲಿ ಆಶ್ಚರ್ಯವೇನಿದೆ, ಅಲ್ವಾ?

ಆದರೆ ಆ ಗುಂಡಿಗಳಲ್ಲಿ ಮಡಕೆಗಳೂ ಇದ್ದವು, ಮಾಂಸದ ತುಂಡುಗಳೂ ಇದ್ದವು. ಸತ್ತವರಿಗೆ ಊಟ ಇಟ್ಟು ಮಣ್ಣು ಮಾಡಿದ್ದಾರೆ. ಜೀವ ಉಳಿಸಿಕೊಂಡು ಓಡುವವರು ಹೀಗೆ ಹೂಳುತ್ತಾರೆಯೇ? ಈ ಪ್ರಶ್ನೆ ಬಹಳ ಕಾಲದಿಂದ ಇತ್ತು. 2025ರಲ್ಲಿ ಬೋರ್ನ್‌ಮತ್ ವಿಶ್ವವಿದ್ಯಾಲಯದವರು ಆ ಮೂಳೆಗಳ ಕಾಲ ಹೇಳುವ ಹೊಸ ರೇಡಿಯೋಕಾರ್ಬನ್ ಲೆಕ್ಕ ಪ್ರಕಟಿಸಿದರು. ಇವರು ಸತ್ತದ್ದು ಒಂದೇ ದಿನ ಅಲ್ಲ, ಕ್ರಿ.ಪೂ. 1ನೇ ಶತಮಾನದ ಕೊನೆಯಿಂದ ಕ್ರಿ.ಶ. 1ನೇ ಶತಮಾನದ ಮೊದಲ ಭಾಗದವರೆಗೆ, ತಲೆಮಾರುಗಳ ಉದ್ದಕ್ಕೂ ಆಗಾಗ. ಹೊಡೆದವರು ಬಹುಶಃ ಅಕ್ಕಪಕ್ಕದವರೇ, ಇಲ್ಲವೇ ಒಳಗಿನವರೇ.

ನನಗೆ ಈ ಎರಡನೇ ಕಥೆಯೇ ಜಾಸ್ತಿ ತಟ್ಟಿತು. ಸಾಮ್ರಾಜ್ಯವೊಂದು ಬಂದು ತುಳಿಯಿತು ಎಂದರೆ ದುಃಖವಾಗುತ್ತದೆ, ಆದರೆ ಅಲ್ಲಿಗೆ ಯೋಚನೆ ಮುಗಿದುಹೋಗುತ್ತದೆ. ಸೇರಿ ಇಷ್ಟು ದೊಡ್ಡ ಏರಿ ಕಟ್ಟಿದ ಜನರ ಮಕ್ಕಳು ಮರಿಗಳು ಅದೇ ಬಾಗಿಲಲ್ಲಿ ತಮ್ಮವರ ಕೈಯಿಂದಲೇ ಸತ್ತರು ಎಂದರೆ ಏನೇನೋ ಪ್ರಶ್ನೆ ಏಳುತ್ತವೆ. ಏನಕ್ಕೆ ಜಗಳ? ಹೊಲಕ್ಕೋ, ದನಕ್ಕೋ, ಮುಖಂಡತನಕ್ಕೋ? ವೀಲರ್ ಮೇಲೆ ನನಗೆ ಸಿಟ್ಟಿಲ್ಲ. ಪದರ ಪದರವಾಗಿ ಅಗೆದು, ಬರೆದಿಟ್ಟು, ಮೂಳೆಗಳನ್ನು ಜೋಪಾನ ಮಾಡಿದ್ದರಿಂದಲೇ ಇವತ್ತು ಅವರ ಕಥೆಯನ್ನು ತಿದ್ದಲು ಸಾಧ್ಯವಾಯಿತು.

ಬೆನ್ನುಮೂಳೆಯಲ್ಲಿ ಮೊನೆ ನೆಟ್ಟ ಆ ಅಸ್ಥಿಪಂಜರ ಡಾರ್ಚೆಸ್ಟರ್‌ನ ಡಾರ್ಸೆಟ್ ಮ್ಯೂಸಿಯಂನಲ್ಲಿದೆ. ಮೊದಲು ಗುಡ್ಡ ಹತ್ತಿ, ಆಮೇಲೆ ಮ್ಯೂಸಿಯಂಗೆ ಹೋಗಿ. ಆ ಮೊನೆ ಅಂದುಕೊಂಡದ್ದಕ್ಕಿಂತ ಚಿಕ್ಕದು, ಹುಡುಕಿ ನೋಡಬೇಕು. ರೋಮನ್ನರ ದಾಳಿಯ ಗುರುತನ್ನೇ ನೋಡಬೇಕು ಅನ್ನುವವರು ಅದೇ ಜಿಲ್ಲೆಯ ಹಾಡ್ ಹಿಲ್ ಎಂಬ ಇನ್ನೊಂದು ಗುಡ್ಡದ ಕೋಟೆಗೆ ಹೋಗಬಹುದು. ಅಲ್ಲಿ 1950ರ ದಶಕದಲ್ಲಿ ಅಗೆದಾಗ ರೋಮನ್ ಯಂತ್ರಬಾಣಗಳ ಮೊನೆಗಳು ಒಂದು ಮನೆಯ ಸುತ್ತಲೇ ಸಿಕ್ಕಿದವು, ಕೋಟೆಯ ಮೂಲೆಯಲ್ಲಿ ರೋಮನ್ನರು ಕಟ್ಟಿಕೊಂಡ ಸೇನಾಶಿಬಿರದ ಏರಿ ಈಗಲೂ ಇದೆ. ನಾನಿನ್ನೂ ಅಲ್ಲಿಗೆ ಹೋಗಿಲ್ಲ. ಮುಂದಿನ ಸಲ ಡಾರ್ಸೆಟ್ ಕಡೆ ಹೋದರೆ ಮೊದಲು ಹತ್ತುವುದು ಅದನ್ನೇ.